ನಕ್ಕರೆ ಮಂಡಿ ಕುಸಿಯುವ ಕಾಯಿಲೆ

ಫ್ರಾನ್ಸಿನಲ್ಲಿ ವೈನ್ ಪೀಪಾಯಿ ಮಾರುತ್ತಿದ್ದ 38 ವರ್ಷದ ವ್ಯಾಪಾರಿಯೊಬ್ಬನಿಗೆ ಇಸ್ಪೀಟಾಡಲು ಕೂತರೆ ಒಂದು ಫಜೀತಿ. ಒಳ್ಳೆಯ ಎಲೆ ಬಿದ್ದ ಕೂಡಲೇ ಕೈ ಸೋಲುತ್ತಿತ್ತು. ಗೆಲ್ಲುವ ಎಲೆ ಬೆರಳಲ್ಲೇ ಇದೆ, ಇಳಿಸಲು ತೋಳು ಏಳುವುದಿಲ್ಲ. ತಲೆ ವಾಲಿ ಅಲ್ಲೇ ನಿದ್ದೆ. ಲಾಭದ ವ್ಯಾಪಾರ ಕುದುರಿದರೂ ಅದೇ ಕತೆ. ಕೋತಿಗಳ ಬೋನಿನ ಮುಂದೆ ಜನ ನಗುತ್ತ ನಿಂತಿದ್ದರೆ ಇವನು ಆ ಗುಂಪಿನ ನಡುವೆಯೇ ನಿದ್ದೆಗೆ ಜಾರುತ್ತಿದ್ದ. ದಿನಕ್ಕೆ 200 ಸಲದವರೆಗೂ ಹೀಗಾಗುತ್ತಿತ್ತು ಎಂದು ಅವನನ್ನು ಪರೀಕ್ಷಿಸಿದ ವೈದ್ಯರು ಬರೆದಿಟ್ಟಿದ್ದಾರೆ. ಆ ವೈದ್ಯರು ಎಡ್ವರ್ಡ್ ಜೆಲಿನೊ, ಮೊದಲು ಫ್ರೆಂಚ್ ನೌಕಾಪಡೆಯಲ್ಲಿದ್ದವರು. ಮರಗಟ್ಟುವುದು ಮತ್ತು ಹಿಡಿದುಕೊಳ್ಳುವುದು ಎಂಬ ಅರ್ಥದ ಎರಡು ಗ್ರೀಕ್ ಪದ ಸೇರಿಸಿ 1880ರಲ್ಲಿ ಅವರು ಈ ಕಾಯಿಲೆಗೆ ನಾರ್ಕೊಲೆಪ್ಸಿ ಎಂದು ಹೆಸರಿಟ್ಟರು. ಜರ್ಮನಿಯ ಕಾರ್ಲ್ ವೆಸ್ಟ್‌ಫಾಲ್ 1877ರಲ್ಲೇ ಇಂಥ ರೋಗಿಗಳ ಬಗ್ಗೆ ಹೇಳಿದ್ದರು. ಆದರೆ ಉಳಿದುಕೊಂಡದ್ದು ಜೆಲಿನೊ ಇಟ್ಟ ಹೆಸರು.

ನಮ್ಮಲ್ಲಿ ಇಂಥವರಿಗೆ ಕಾದಿರುವ ಹೆಸರೇ ಬೇರೆ: ಕುಂಭಕರ್ಣ. ಅದು ತಪ್ಪು ಉಪಮೆ. ತಿಂಗಳುಗಟ್ಟಲೆ ಮಲಗಿ, ಎದ್ದರೆ ಬಂಡಿಗಟ್ಟಲೆ ತಿನ್ನುವ ಕುಂಭಕರ್ಣನಿಗೆ ಹೋಲಿಕೆ ಬೇಕಿದ್ದರೆ ಕ್ಲೈನ್-ಲೆವಿನ್ ಸಿಂಡ್ರೋಮ್ ಎಂಬ ಬೇರೊಂದು ಅಪರೂಪದ ಕಾಯಿಲೆ ಇದೆ. ಅದರಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಿದ್ದೆ ಕವಿಯುತ್ತದೆ, ಎಚ್ಚರವಾದಾಗ ವಿಪರೀತ ತಿನ್ನುವುದೂ ಉಂಟು. ನಾರ್ಕೊಲೆಪ್ಸಿ ಇರುವವರು 24 ಗಂಟೆಯಲ್ಲಿ ಮಾಡುವ ಒಟ್ಟು ನಿದ್ದೆ ಹೆಚ್ಚುಕಡಿಮೆ ನಮ್ಮಷ್ಟೇ. ಹಗಲು ಬೇಡದ ಹೊತ್ತಿನಲ್ಲಿ ನಿದ್ದೆ ನುಗ್ಗುತ್ತದೆ, ರಾತ್ರಿ ಬೇಕಾದ ಹೊತ್ತಿನಲ್ಲಿ ಎಚ್ಚರ ನುಗ್ಗುತ್ತದೆ. ಅವರ ನಿದ್ದೆಯ ಅಳತೆ ಸರಿಯಾಗಿಯೇ ಇದೆ. ಕೆಟ್ಟಿರುವುದು ನಿದ್ದೆಗೂ ಎಚ್ಚರಕ್ಕೂ ನಡುವಿನ ಬಾಗಿಲು. ಅದಕ್ಕೆ ಚಿಲಕವಿಲ್ಲ, ಸಣ್ಣ ಗಾಳಿ ಬೀಸಿದರೂ ತೆರೆದುಕೊಳ್ಳುತ್ತದೆ.

ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು ಹತ್ತರಿಂದ ಇಪ್ಪತ್ತೈದರ ವಯಸ್ಸಿನೊಳಗೆ. ನಮ್ಮ ಲೆಕ್ಕದಲ್ಲಿ ಹೈಸ್ಕೂಲು, ಪಿಯುಸಿ, ಡಿಗ್ರಿ, ಮೊದಲ ಕೆಲಸ. ಒಬ್ಬ ಪಿಯುಸಿ ಹುಡುಗಿ ಎಂದುಕೊಳ್ಳಿ. ರಾತ್ರಿ ಹತ್ತಕ್ಕೆ ಮಲಗಿದ್ದಾಳೆ, ಬೆಳಿಗ್ಗೆ ಆರಕ್ಕೆ ಎದ್ದಿದ್ದಾಳೆ. ಎರಡನೇ ಪೀರಿಯಡ್ಡಿನ ಹೊತ್ತಿಗೆ ತೂಕಡಿಕೆ. ಅವಳ ನೋಟ್ಸ್ ತೆರೆದು ನೋಡಿದರೆ ಕಾಯಿಲೆ ಅಲ್ಲೇ ಕಾಣುತ್ತದೆ: ಮೊದಲ ನಾಲ್ಕು ಸಾಲು ದುಂಡಗಿನ ಅಕ್ಷರ, ಐದನೆಯದರಲ್ಲಿ ಒತ್ತಕ್ಷರಗಳು ಕರಗಿವೆ, ಆರನೆಯದು ಗೆರೆ ಬಿಟ್ಟು ಕೆಳಗೆ ಜಾರಿ ಬರೀ ಸುರುಳಿಯಾಗಿದೆ, ನಡುವೆ ಪಾಠಕ್ಕೆ ಸಂಬಂಧವೇ ಇಲ್ಲದ ಒಂದು ಪದ. ಆಮೇಲೆ ಮತ್ತೆ ದುಂಡಗಿನ ಅಕ್ಷರ. ಆ ಸುರುಳಿಯ ಹೊತ್ತಿನಲ್ಲಿ ಕೈ ಬರೆಯುತ್ತಲೇ ಇತ್ತು, ಅವಳು ಮಾತ್ರ ಇರಲಿಲ್ಲ. ಹೀಗೆ ಅರೆನಿದ್ದೆಯಲ್ಲಿ ಕೈಗೆ ರೂಢಿಯಾದ ಕೆಲಸ ಮುಂದುವರಿಯುತ್ತಲೇ ಇರುತ್ತದೆ. ಹಾಲಿನ ಪಾತ್ರೆ ಬೀರುವಿಗೆ, ಮೊಬೈಲು ಫ್ರಿಜ್ಜಿಗೆ ಹೋಗುವುದು ಇಂಥ ಹೊತ್ತಿನಲ್ಲೇ. ಮೇಷ್ಟ್ರು ಇದನ್ನು ಅಲಕ್ಷ್ಯ ಅನ್ನುತ್ತಾರೆ, ಮನೆಯವರು ಮೊಬೈಲಿನ ಚಟ ಅನ್ನುತ್ತಾರೆ.

ಯುರೋಪ್, ಅಮೆರಿಕದ ಅಂದಾಜು ಸುಮಾರು 2,000 ಜನರಿಗೆ ಒಬ್ಬರು. ಆ ಲೆಕ್ಕ ನಮಗೂ ಹೊಂದುವುದಾದರೆ ಪ್ರತಿ ದೊಡ್ಡ ಕಾಲೇಜಿನಲ್ಲೂ ಒಬ್ಬರೋ ಇಬ್ಬರೋ ಇರಬೇಕು. ಮೊದಲ ಲಕ್ಷಣ ಕಂಡದ್ದಕ್ಕೂ ಕಾಯಿಲೆಯ ಹೆಸರು ಗೊತ್ತಾಗುವುದಕ್ಕೂ ನಡುವೆ ಎಂಟು-ಹತ್ತು ವರ್ಷ ಕಳೆಯುವುದು ಮುಂದುವರಿದ ದೇಶಗಳಲ್ಲೂ ಮಾಮೂಲು. ಅಷ್ಟರಲ್ಲಿ ಓದು, ಕೆಲಸದ ಒಂದು ದೊಡ್ಡ ಪಾಲು ಮುಗಿದುಹೋಗಿರುತ್ತದೆ.

ಈ ಕಾಯಿಲೆಯ ಉಳಿದ ಲಕ್ಷಣಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತವೆ. ನಕ್ಕರೆ ಮಂಡಿ ಕುಸಿಯುವುದು, ಮಲಗುವಾಗ ಕೋಣೆಯಲ್ಲಿ ಯಾರೋ ನಿಂತಂತೆ ಕಾಣುವುದು, ಎಚ್ಚರವಾದರೂ ಮೈ ಅಲುಗದಿರುವುದು. ಮೂರಕ್ಕೂ ಕೀಲಿ ಒಂದೇ, ರೆಮ್ ನಿದ್ದೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರನೆ ಓಡಾಡುವ ಈ ನಿದ್ದೆಯನ್ನು 1953ರಲ್ಲಿ ಷಿಕಾಗೋದ ಯುಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೀಟ್‌ಮನ್ ಗುರುತಿಸಿದರು. ಕಣ್ಣಿಗೆ ಕಟ್ಟುವಂಥ ಕನಸುಗಳು ಬೀಳುವುದು ಹೆಚ್ಚಾಗಿ ಆಗಲೇ. ಕನಸಿನಲ್ಲಿ ಓಡಿದರೆ ಕಾಲು ನಿಜಕ್ಕೂ ಓಡಬಾರದಲ್ಲ, ಅದಕ್ಕೇ ಆ ಹೊತ್ತಿನಲ್ಲಿ ಮಿದುಳು ಸ್ನಾಯುಗಳಿಗೆ ಹೋಗುವ ಅಪ್ಪಣೆಯನ್ನು ತಡೆದುಬಿಡುತ್ತದೆ. ಉಸಿರಾಟದ ವಪೆ, ಕಣ್ಣು ಹೊರಳಿಸುವ ಸ್ನಾಯು ಬಿಟ್ಟರೆ ಮೈಯೆಲ್ಲ ಸಡಿಲ. ನಮಗೆ ನಿಮಗೆ ಈ ಹಂತ ಬರುವುದು ಮಲಗಿ ಒಂದೂವರೆ ಗಂಟೆಯ ಹೊತ್ತಿಗೆ. ನಾರ್ಕೊಲೆಪ್ಸಿಯಲ್ಲಿ ಕಣ್ಣು ಮುಚ್ಚಿ ಹದಿನೈದು ನಿಮಿಷದೊಳಗೇ ಬರಬಹುದು. ಸಾಲದ್ದಕ್ಕೆ ಅದು ಇಡಿಯಾಗಿ ಬರದೆ ತುಂಡುತುಂಡಾಗಿ ಬರುತ್ತದೆ. ಕನಸಿನ ತುಂಡೊಂದು ಎಚ್ಚರದೊಳಗೆ ಬಿದ್ದರೆ ಇಲ್ಲದ ಮನುಷ್ಯ ಮಂಚದ ಪಕ್ಕ ಕಾಣುತ್ತಾನೆ. ಎಚ್ಚರ ಬಂದರೂ ಸ್ನಾಯುಗಳಿಗೆ ಹಾಕಿದ ತಡೆ ತೆಗೆಯದಿದ್ದರೆ ಎದೆಯ ಮೇಲೆ ದೆವ್ವ ಕೂತಂತಾಗುತ್ತದೆ. (ಈ ಎರಡು ಆರೋಗ್ಯವಂತರಿಗೂ ಎಂದೋ ಒಮ್ಮೆ ಆಗುವಂಥವು, ಒಂದು ರಾತ್ರಿ ಹಾಗಾಯಿತೆಂದು ಯಾರೂ ಗಾಬರಿ ಬೀಳಬೇಕಾಗಿಲ್ಲ.) ಇನ್ನು ಹಾಡಹಗಲು, ಪೂರ್ತಿ ಎಚ್ಚರವಿರುವಾಗ ಸ್ನಾಯುವಿನ ತಡೆ ಮಾತ್ರ ಬಂದು ಬಿದ್ದರೆ ಅದು ಕ್ಯಾಟಪ್ಲೆಕ್ಸಿ. ಇಸ್ಪೀಟಿನವನ ತೋಳು ಸೋತದ್ದು ಇದರಿಂದಲೇ.

ಕ್ಯಾಟಪ್ಲೆಕ್ಸಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಈ ಕಾಯಿಲೆಯನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಅದನ್ನು ಎಬ್ಬಿಸುವುದು ಭಾವನೆ, ಅದರಲ್ಲೂ ನಗು. ಬೇರೆಯವರ ಜೋಕಿಗಿಂತ ತಾನೇ ಜೋಕು ಹೇಳಹೊರಟು ಕೊನೆಯ ಸಾಲಿಗೆ ಬಂದಾಗ ಹೆಚ್ಚು. ಮೊದಲು ಮುಖ ಸಡಿಲವಾಗುತ್ತದೆ: ರೆಪ್ಪೆ ಇಳಿಯುತ್ತದೆ, ದವಡೆ ಜೋಲುತ್ತದೆ, ಮಾತು ತೊದಲುತ್ತದೆ. ಆಮೇಲೆ ಕತ್ತು ವಾಲುತ್ತದೆ, ಕೈಯಲ್ಲಿದ್ದ ಲೋಟ ಜಾರುತ್ತದೆ, ಮಂಡಿ ಮಡಚಿಕೊಳ್ಳುತ್ತದೆ. ಕೆಲವರಿಗೆ ಮುಖಕ್ಕೇ ನಿಲ್ಲುತ್ತದೆ, ಕೆಲವರು ನೆಲಕ್ಕೆ ಕುಸಿಯುತ್ತಾರೆ. ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ. ಅಷ್ಟು ಹೊತ್ತೂ ಪ್ರಜ್ಞೆ ತಪ್ಪಿರುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಹೀಗಾದರೆ ನಮ್ಮ ಜನ ಏನು ಮಾಡುತ್ತಾರೆಂದು ಹೇಳಬೇಕಿಲ್ಲ. ಯಾರೋ ಬೀಗದ ಕೈಗೊಂಚಲು ತಂದು ಮುಷ್ಟಿಗೆ ತುರುಕುತ್ತಾರೆ, ಇನ್ಯಾರೋ ಈರುಳ್ಳಿ ಮೂಗಿಗೆ ಹಿಡಿಯುತ್ತಾರೆ, ಮೂರನೆಯವರು "ಫಿಟ್ಸ್ ಇದೆ ಅಂತ ಮೊದಲೇ ಹೇಳಬಾರದಿತ್ತೇ" ಎನ್ನುತ್ತಾರೆ. ಬಿದ್ದವರಿಗೆ ಇದೆಲ್ಲ ಕೇಳಿಸುತ್ತದೆ, ಉತ್ತರ ಕೊಡಲು ನಾಲಿಗೆ ಏಳುವುದಿಲ್ಲ. ಮುಂದೆ ಮೂರ್ಛೆರೋಗದ ಮಾತ್ರೆಯೂ ಶುರುವಾಗಿಬಿಡಬಹುದು. ಇನ್ನು ಕೆಲವರು ನಗದಿರುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತಾರೆ. ನಾಲ್ಕು ಜನ ಗೊಳ್ಳೆಂದಾಗ ಇವರು ಗೋಡೆ ನೋಡುತ್ತಾರೆ, ಬಿಗುಮಾನದವರು ಎಂಬ ಹೆಸರು ಬರುತ್ತದೆ.

ಎಲ್ಲರಿಗೂ ಕ್ಯಾಟಪ್ಲೆಕ್ಸಿ ಇರುವುದಿಲ್ಲ. ಅದು ಇರುವ ಬಗೆಯನ್ನು ಒಂದನೇ ವಿಧ, ಇಲ್ಲದ ಬಗೆಯನ್ನು ಎರಡನೇ ವಿಧ ಎಂದು ವೈದ್ಯರು ವಿಂಗಡಿಸುತ್ತಾರೆ. ಎರಡನೆಯದರ ಕಾರಣ ಇನ್ನೂ ಸ್ಪಷ್ಟವಾಗಿಲ್ಲ. ಒಂದನೆಯದರ ಕಾರಣ ಸಿಕ್ಕ ಕತೆ ಮಾತ್ರ ಚೆನ್ನಾಗಿದೆ.

ಅದರಲ್ಲಿ ಮೊದಲು ಬರುವುದು ನಾಯಿಗಳು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಿದ್ದೆಯ ಸಂಶೋಧಕ ವಿಲಿಯಂ ಡಿಮೆಂಟ್ 1970ರ ದಶಕದಲ್ಲಿ ನಾರ್ಕೊಲೆಪ್ಸಿ ಇರುವ ನಾಯಿಗಳನ್ನು ಸಾಕತೊಡಗಿದರು. ಡಾಬರ್‌ಮನ್ ತಳಿಯಲ್ಲಿ ಅದು ವಂಶವಾಹಿಯಾಗಿ ಬರುತ್ತಿತ್ತು. ನಾಯಿಗೆ ಜೋಕು ಹೇಳಲಾಗುವುದಿಲ್ಲ, ತಿಂಡಿ ಹಾಕಬಹುದು. ನೆಲದ ಮೇಲೆ ತಿಂಡಿಯ ತುಂಡುಗಳನ್ನು ಇಟ್ಟರೆ ಮಾಮೂಲಿ ನಾಯಿ ಒಂದೇ ಉಸಿರಿಗೆ ಮುಗಿಸುತ್ತದೆ. ಇವು ಮೊದಲ ತುಂಡಿನ ಖುಷಿಗೇ ಹಿಂಗಾಲು ಮಡಚಿ ಕೂರುತ್ತಿದ್ದವು, ಎದ್ದು ಮುಂದಿನದಕ್ಕೆ ಹೋಗಿ ಮತ್ತೆ ಬೀಳುತ್ತಿದ್ದವು. ಎಷ್ಟು ಸಲ ಬಿತ್ತು, ಎಷ್ಟು ಹೊತ್ತು ಹಿಡಿಯಿತು ಎಂಬುದೇ ಅಲ್ಲಿನ ಅಳತೆ. ಈ ನಾಯಿಗಳಲ್ಲಿ ಕೆಟ್ಟಿರುವ ಜೀನ್ ಯಾವುದೆಂದು ಎಮ್ಯಾನುಯೆಲ್ ಮಿನ್ಯೊ ಎಂಬ ಫ್ರೆಂಚ್ ವೈದ್ಯ-ವಿಜ್ಞಾನಿ ಸುಮಾರು ಹತ್ತು ವರ್ಷ ಹುಡುಕಿದರು.

ಇತ್ತ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಜಪಾನಿನ ಮಸಾಶಿ ಯಾನಗಿಸಾವಾ ಅವರ ತಂಡಕ್ಕೆ ನಿದ್ದೆಯ ಗೊಡವೆಯೇ ಇರಲಿಲ್ಲ. 1998ರಲ್ಲಿ ಅವರು ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿ ಹೊಸ ರಾಸಾಯನಿಕವೊಂದನ್ನು ಕಂಡುಹಿಡಿದರು. ಇಲಿಗಳ ಮಿದುಳಿಗೆ ಅದನ್ನು ಕೊಟ್ಟರೆ ಹೆಚ್ಚು ತಿನ್ನುತ್ತಿದ್ದುದರಿಂದ, ಹಸಿವು ಎಂಬ ಅರ್ಥದ ಗ್ರೀಕ್ ಪದದಿಂದ ಅದನ್ನು ಒರೆಕ್ಸಿನ್ ಎಂದು ಕರೆದರು. ಅದೇ ವರ್ಷ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಕ್ಯಾಲಿಫೋರ್ನಿಯಾದ ಇನ್ನೊಂದು ತಂಡ ಇದನ್ನೇ ಕಂಡುಹಿಡಿದು ಹೈಪೊಕ್ರೆಟಿನ್ ಎಂದು ಕರೆದಿತ್ತು. ಇಂದಿಗೂ ಎರಡೂ ಹೆಸರು ಚಾಲ್ತಿಯಲ್ಲಿವೆ, ಓದುವವರಿಗೆ ತಲೆನೋವು. ಒರೆಕ್ಸಿನ್ ಇಲ್ಲದ ಇಲಿಗಳನ್ನು ಹುಟ್ಟಿಸಿದರೆ ಅವು ಸೊರಗಬೇಕು ಎಂದು ಡಲ್ಲಾಸ್ ತಂಡ ಎಣಿಸಿತ್ತು. ಹಗಲು ನೋಡಿದರೆ ಅಂಥ ವಿಶೇಷವೇನೂ ಕಾಣಲಿಲ್ಲ. ಇಲಿಗಳು ಓಡಾಡುವುದು ರಾತ್ರಿಯಲ್ಲವೇ ಎಂದು ಕತ್ತಲಲ್ಲೂ ಕಾಣುವ ಕ್ಯಾಮೆರಾ ಇಟ್ಟರು. ಚುರುಕಾಗಿ ಓಡಾಡುತ್ತಿದ್ದ ಇಲಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಉರುಳಿತು, ಕೆಲವು ಕ್ಷಣದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಓಡಿತು. ಮೂರ್ಛೆರೋಗವಿರಬೇಕು ಎಂದುಕೊಂಡರು. ಮದುವೆಮನೆಯವರು ಮಾಡುವ ತಪ್ಪನ್ನೇ ಪ್ರಯೋಗಾಲಯದವರೂ ಮಾಡಿದರು ಅನ್ನಿ. ಮಿದುಳಿನ ಅಲೆಗಳನ್ನು ಅಳೆದಾಗ ಅದು ಫಿಟ್ಸ್ ಅಲ್ಲ, ನಾರ್ಕೊಲೆಪ್ಸಿ ಎಂದು ತಿಳಿಯಿತು. ಅಷ್ಟರಲ್ಲಿ ಮಿನ್ಯೊ ಅವರಿಗೂ ಡಾಬರ್‌ಮನ್‌ಗಳ ಜೀನ್ ಸಿಕ್ಕಿತ್ತು: ಒರೆಕ್ಸಿನ್‌ನ ಸಂದೇಶ ಹಿಡಿಯುವ ಗ್ರಾಹಕದ್ದು. ಎರಡು ತಂಡಗಳ ಫಲಿತಾಂಶವೂ ಪ್ರಕಟವಾದದ್ದು 1999ರ ಆಗಸ್ಟಿನಲ್ಲಿ.

ಮನುಷ್ಯರಲ್ಲಿ ಮಾತ್ರ ಜೀನ್ ಕೆಟ್ಟಿರುವುದು ತೀರಾ ಅಪರೂಪ. 2000ರಲ್ಲಿ, ಈ ಕಾಯಿಲೆಯಿದ್ದು ತೀರಿಕೊಂಡವರ ಮಿದುಳುಗಳನ್ನು ಪರೀಕ್ಷಿಸಿದಾಗ ಬೇರೆಯದೇ ಕಂಡಿತು. ಒರೆಕ್ಸಿನ್ ತಯಾರಿಸುವ ಜೀವಕೋಶಗಳೇ ಅಲ್ಲಿ ಕಾಣೆಯಾಗಿದ್ದವು, ನೂರಕ್ಕೆ 85ರಿಂದ 95ರಷ್ಟು. ಒಟ್ಟು ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಈ ಕೆಲಸದವು ಇರುವುದೇ 70-80 ಸಾವಿರ. ಅಷ್ಟು ಚಿಕ್ಕ ಗುಂಪು ಹೋದರೆ ಇಷ್ಟು ದೊಡ್ಡ ರಾದ್ಧಾಂತ ಏಕೆ? ಮಿದುಳಿನಲ್ಲಿ ಎಚ್ಚರ ಕಾಯುವ ಕೇಂದ್ರಗಳು ಬೇರೆ, ನಿದ್ದೆ ತರುವ ಕೇಂದ್ರಗಳು ಬೇರೆ. ಒಂದು ಮೇಲಾದರೆ ಇನ್ನೊಂದನ್ನು ಅದುಮುತ್ತದೆ, ಹಾಗಾಗಿ ನಾವು ಇತ್ತ ಇರುತ್ತೇವೆ ಇಲ್ಲವೇ ಅತ್ತ ಇರುತ್ತೇವೆ. ಒರೆಕ್ಸಿನ್ ಕೋಶಗಳು ಎಚ್ಚರದ ಕೇಂದ್ರಗಳಿಗೆಲ್ಲ ಎಳೆ ಚಾಚಿಕೊಂಡು, ಹಗಲೆಲ್ಲ ಅವನ್ನು ಒಂದೇ ಸಮನೆ ಹುರಿದುಂಬಿಸುತ್ತಿರುತ್ತವೆ. ಅವೇ ನಮ್ಮ ಬಾಗಿಲಿನ ಚಿಲಕ. ಊಟ ಮಾಡಿ ಕೂತು ಬೇಸರದ ಭಾಷಣ ಕೇಳುವಾಗಲೂ ನಾವು ನಿಮಿಷಕ್ಕೊಮ್ಮೆ ನಿದ್ದೆಗೆ ಬೀಳದಿರುವುದು ಅದರ ದಯೆ. ಚಿಲಕ ಹೋದರೆ ಬಾಗಿಲು ಎರಡು ಕಡೆಗೂ ಆಡುತ್ತದೆ, ರಾತ್ರಿಯ ನಿದ್ದೆಯೂ ಆಗಾಗ ಒಡೆಯುವುದು ಅದಕ್ಕೇ.

ಆ ಕೋಶಗಳನ್ನು ಕೊಂದವರು ಯಾರು? ಬೆರಳು ತೋರುವುದು ದೇಹದ ಸ್ವಂತ ರೋಗನಿರೋಧಕ ವ್ಯವಸ್ಥೆಯ ಕಡೆಗೆ. ಒಂದನೇ ವಿಧದ ಸಕ್ಕರೆ ಕಾಯಿಲೆಯಲ್ಲಿ ಅದು ಇನ್ಸುಲಿನ್ ಕೋಶಗಳನ್ನು ಮುಗಿಸುವ ಹಾಗೆ ಇಲ್ಲಿ ಒರೆಕ್ಸಿನ್ ಕೋಶಗಳನ್ನು. ಒಂದನೇ ವಿಧದ ರೋಗಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನರಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಎಚ್‌ಎಲ್‌ಎ ಎಂಬ ಜೀನ್ ಗುಂಪಿನ ಒಂದೇ ಬಗೆ ಇರುತ್ತದೆ. ಆದರೆ ಅದು ಆರೋಗ್ಯವಂತರಲ್ಲೂ ಬಹಳ ಜನರಿಗಿದೆ, ಅವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಅಂದರೆ ಜೀನ್ ಒಣಗಿದ ಸೌದೆ ಮಾತ್ರ, ಕಿಡಿ ಬೇರೆ ಬರಬೇಕು. 2009ರ ಎಚ್1ಎನ್1 ಜ್ವರ ಅಂಥ ಕಿಡಿಯೊಂದನ್ನು ತೋರಿಸಿತು. ಆ ಚಳಿಗಾಲದ ಸೋಂಕಿನ ಬೆನ್ನಿಗೆ ಚೀನಾದಲ್ಲಿ ಹೊಸ ರೋಗಿಗಳ ಸಂಖ್ಯೆ ಸುಮಾರು ಮೂರು ಪಟ್ಟಾಯಿತು. ಫಿನ್ಲೆಂಡ್, ಸ್ವೀಡನ್‌ಗಳಲ್ಲಿ ಆ ಜ್ವರಕ್ಕೆಂದು ಕೊಟ್ಟ ಪ್ಯಾಂಡೆಮ್ರಿಕ್ಸ್ ಎಂಬ ಲಸಿಕೆಯ ನಂತರ ಮಕ್ಕಳು, ಹದಿಹರೆಯದವರಲ್ಲಿ ಪ್ರಕರಣಗಳು ಏರಿದವು. ಆ ಒಂದು ಲಸಿಕೆ ಈಗ ಬಳಕೆಯಲ್ಲಿಲ್ಲ. ವಾಟ್ಸಾಪಿನಲ್ಲಿ ಇದನ್ನು ಎಲ್ಲ ಲಸಿಕೆಗಳ ಮೇಲೂ ಹೊರಿಸುವುದುಂಟು, ಅದಕ್ಕೆ ಆಧಾರವಿಲ್ಲ.

ಹಗಲು ನಿದ್ದೆ ಬರುವವರೆಲ್ಲ ಇದೇ ಕಾಯಿಲೆಯವರಲ್ಲ, ಬಹುಪಾಲು ಜನರ ನಿದ್ದೆ ಸಾಲದಿರುವುದೇ ಕಾರಣ. ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾದಲ್ಲೂ ಹೀಗಾಗುತ್ತದೆ. ಒಂದು ವ್ಯತ್ಯಾಸ ಗಮನಿಸಬಹುದು: ಆಪ್ನಿಯಾದವರು ಹಗಲು ಮಲಗಿ ಎದ್ದರೂ ಮಂಕಾಗಿಯೇ ಇರುತ್ತಾರೆ, ನಾರ್ಕೊಲೆಪ್ಸಿಯವರು ಕಾಲು ಗಂಟೆ ಮಲಗಿದರೆ ಚುರುಕಾಗುತ್ತಾರೆ, ಒಂದೆರಡು ಗಂಟೆಯ ಮಟ್ಟಿಗೆ. ಅಷ್ಟು ಚಿಕ್ಕ ನಿದ್ದೆಯಲ್ಲೂ ಅವರಿಗೆ ಕನಸು ಬಿದ್ದಿರುತ್ತದೆ.

ಖಚಿತವಾಗಲು ನರರೋಗ ತಜ್ಞರನ್ನೋ ನಿದ್ದೆಯ ತಜ್ಞರನ್ನೋ ಕಾಣಬೇಕು. ಒಂದು ರಾತ್ರಿ ಸ್ಲೀಪ್ ಲ್ಯಾಬಿನಲ್ಲಿ ಮಲಗಿಸಿ, ತಲೆಗೆ ಪೇಸ್ಟಿನಿಂದ ವೈರು ಅಂಟಿಸಿ ಮಿದುಳಿನ ಅಲೆ, ಕಣ್ಣಿನ ಚಲನೆ, ಉಸಿರು ಎಲ್ಲ ದಾಖಲಿಸುತ್ತಾರೆ. ಮಾರನೆಯ ದಿನದ್ದು ಇನ್ನೂ ವಿಚಿತ್ರ. ಅಂಟು ಮೆತ್ತಿದ ಕೂದಲಲ್ಲೇ, ಎರಡೆರಡು ಗಂಟೆಗೆ ಒಮ್ಮೆ ಕತ್ತಲ ಕೋಣೆಯಲ್ಲಿ 20 ನಿಮಿಷ ಮಲಗಿಸಿ "ನಿದ್ದೆ ಮಾಡಿ" ಅನ್ನುತ್ತಾರೆ, ಒಟ್ಟು ಐದು ಸಲ. ನಡುವೆ ಕಾಫಿ ಇಲ್ಲ, ತೂಕಡಿಸುವಂತಿಲ್ಲ. ಸರಾಸರಿ 8 ನಿಮಿಷದೊಳಗೆ ನಿದ್ದೆ ಬಂದು, ಎರಡು ಸಲವಾದರೂ ರೆಮ್ ನಿದ್ದೆ 15 ನಿಮಿಷದೊಳಗೆ ಕಾಣಿಸಿಕೊಂಡರೆ ಅನುಮಾನ ಬಲವಾಗುತ್ತದೆ. ಬೆನ್ನುಹುರಿಯ ದ್ರವದಲ್ಲಿ ಒರೆಕ್ಸಿನ್ ಎಷ್ಟಿದೆಯೆಂದು ನೋಡುವ ಪರೀಕ್ಷೆಯೂ ಇದೆ, ಎಲ್ಲ ಕಡೆ ಮಾಡುವುದಿಲ್ಲ. ಈ ಹಗಲು ಪರೀಕ್ಷೆ ಮೋಸ ಹೋಗುವುದೂ ಉಂಟು. ಬೆಂಗಳೂರಿನ ಟೆಕ್ ಪಾರ್ಕಿನಲ್ಲಿ ಅಮೆರಿಕದ ಗಡಿಯಾರಕ್ಕೆ ದುಡಿಯುವ ನೈಟ್ ಶಿಫ್ಟಿನವರನ್ನು ನೇರ ಕರೆತಂದು ಮಲಗಿಸಿದರೆ ಅವರಲ್ಲೂ ರೆಮ್ ಬೇಗ ಬರಬಹುದು. ಅದಕ್ಕೇ ಮೊದಲು ಒಂದೆರಡು ವಾರ ಹೊತ್ತಿಗೆ ಸರಿಯಾಗಿ ಮಲಗಿ, ಅದನ್ನು ಬರೆದಿಟ್ಟುಕೊಂಡು ಬನ್ನಿ ಎನ್ನುವುದು. ಖಿನ್ನತೆಯ ಮಾತ್ರೆಗಳಲ್ಲಿ ಹಲವು ರೆಮ್ ನಿದ್ದೆಯನ್ನು ಅದುಮುವುದರಿಂದ, ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು.

ಸತ್ತ ಕೋಶಗಳನ್ನು ಮರಳಿ ತರುವ ಔಷಧಿ ಇಲ್ಲ. ಇರುವುದರಲ್ಲಿ ಮೊದಲನೆಯದಕ್ಕೆ ದುಡ್ಡು ಬೇಕಿಲ್ಲ. "ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ" ಎಂದು ನಾವು ಹಂಗಿಸಲು ಬಳಸುವ ಗಾದೆ ಇಲ್ಲಿ ಅಕ್ಷರಶಃ ವೈದ್ಯರ ಸಲಹೆ: ದಿನಕ್ಕೆ ಒಂದೆರಡು ಸಲ, ಗೊತ್ತಾದ ಹೊತ್ತಿಗೆ, 15-20 ನಿಮಿಷ ಮಲಗಿ. ಶಾಲೆಯಲ್ಲಿ ಒಂದು ಬೆಂಚು, ಆಫೀಸಿನಲ್ಲಿ ಒಂದು ಮೂಲೆ ಸಿಕ್ಕರೆ ಸಾಕು. ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಅನ್ನ ಸಾರು ಬೇಡ. ಕಾಯಿಲೆ ಹಿಡಿತಕ್ಕೆ ಬರುವವರೆಗೆ ಬೈಕು, ಕಾರು ಓಡಿಸುವುದಂತೂ ಬೇಡವೇ ಬೇಡ. ಹಗಲಿನ ಎಚ್ಚರಕ್ಕೆ ಹೆಚ್ಚಾಗಿ ಕೊಡುವುದು ಮೊಡಾಫಿನಿಲ್. ಇದು ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತದೆ ಎಂಬುದನ್ನು ಹೆಣ್ಣುಮಕ್ಕಳಿಗೆ ತಪ್ಪದೆ ತಿಳಿಸಬೇಕು. ಪರೀಕ್ಷೆಯ ರಾತ್ರಿ ಎಚ್ಚರವಿರಲೆಂದು ಆರೋಗ್ಯವಂತ ಹುಡುಗರು ಇದನ್ನು ಕದ್ದುಮುಚ್ಚಿ ನುಂಗುವುದು ಬೇರೆಯೇ ಪಿಡುಗು. ಕ್ಯಾಟಪ್ಲೆಕ್ಸಿಗೆ ವೆನ್ಲಾಫ್ಯಾಕ್ಸಿನ್‌ನಂಥ ಖಿನ್ನತೆಯ ಮಾತ್ರೆಗಳು ಕೆಲಸ ಮಾಡುತ್ತವೆ, ರೆಮ್ ಅನ್ನು ಅದುಮುವ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ. ಅದನ್ನು ಒಮ್ಮೆಗೇ ಬಿಟ್ಟರೆ ಕುಸಿತಗಳು ಒಂದರ ಹಿಂದೊಂದು ಬರಬಹುದು. ಸೋಡಿಯಂ ಆಕ್ಸಿಬೇಟ್ ಎಂಬ ದ್ರವಕ್ಕೆ 2002ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮಲಗುವಾಗ ಒಮ್ಮೆ ಕುಡಿದು, ಮೂರು-ನಾಲ್ಕು ಗಂಟೆ ಬಿಟ್ಟು ಅಲಾರಂ ಇಟ್ಟು ಎದ್ದು ಇನ್ನೊಮ್ಮೆ ಕುಡಿಯಬೇಕು! ನಿದ್ದೆಯ ಕಾಯಿಲೆಗೆ ನಿದ್ದೆಯಿಂದ ಎಬ್ಬಿಸಿ ಕೊಡುವ ಔಷಧಿ.

ಒರೆಕ್ಸಿನ್ ಅನ್ನೇ ಇನ್ಸುಲಿನ್ ಹಾಗೆ ಕೊಡಬಾರದೇ? ರಕ್ತಕ್ಕೆ ಕೊಟ್ಟರೆ ಅದು ಸಾಕಷ್ಟು ಮಿದುಳಿನೊಳಗೆ ಹೋಗುವುದಿಲ್ಲ. ಅದರ ಗ್ರಾಹಕವನ್ನು ಮುಟ್ಟಿ ಅದೇ ಕೆಲಸ ಮಾಡುವ ಮಾತ್ರೆಗಳಿಗಾಗಿ ಹುಡುಕಾಟ ನಡೆದಿದೆ. ಟಿಎಕೆ-994 ಎಂಬುದು ರೋಗಿಗಳನ್ನು ಚೆನ್ನಾಗಿಯೇ ಎಚ್ಚರವಿಟ್ಟಿತ್ತು, ಆದರೆ ಯಕೃತ್ತಿಗೆ ಪೆಟ್ಟು ಕೊಟ್ಟದ್ದರಿಂದ 2021ರಲ್ಲಿ ಪ್ರಯೋಗ ನಿಂತಿತು. ಅದರ ನಂತರದ ಒವೆಪೊರೆಕ್ಸ್‌ಟಾನ್ ಮೂರನೇ ಹಂತದ ಪ್ರಯೋಗಗಳಲ್ಲಿ ಗುರಿ ಮುಟ್ಟಿದೆಯೆಂದು ಕಂಪನಿ 2025ರಲ್ಲಿ ಪ್ರಕಟಿಸಿತು. ಇದೇ ಜ್ಞಾನವನ್ನು ತಿರುಗಿಸಿ ಹಿಡಿದವರು ಮೊದಲೇ ಮಾರುಕಟ್ಟೆಗೆ ಬಂದಿದ್ದರು. ನಿದ್ದೆ ಬಾರದವರ ಒರೆಕ್ಸಿನ್ ಅನ್ನು ರಾತ್ರಿಯ ಮಟ್ಟಿಗೆ ತಡೆಯುವ ಸುವೊರೆಕ್ಸಾಂಟ್ 2014ರಿಂದಲೇ ಇದೆ.

ಮನೆಯಲ್ಲಿ ಯಾರಿಗಾದರೂ ಈ ಅನುಮಾನವಿದ್ದರೆ ಕುಸಿದ ಹೊತ್ತಿನ ಒಂದು ಮೊಬೈಲ್ ವಿಡಿಯೋ ವೈದ್ಯರಿಗೆ ನಿಮ್ಮ ಹತ್ತು ನಿಮಿಷದ ವಿವರಣೆಗಿಂತ ಹೆಚ್ಚು ಹೇಳುತ್ತದೆ. ವಿಡಿಯೋ ಇಲ್ಲವೆಂದರೆ ಒಂದು ಪ್ರಶ್ನೆ ಕೇಳಿ ನೋಡಿ: ಜೋರಾಗಿ ನಕ್ಕಾಗ ದವಡೆಯೋ ಮಂಡಿಯೋ ಸಡಿಲವಾಗುತ್ತದೆಯೇ? ಕೇಳದೆ ಇದನ್ನು ತಾವಾಗಿ ಹೇಳುವವರು ಕಡಿಮೆ, ಎಲ್ಲರಿಗೂ ಹೀಗೇ ಆಗುತ್ತದೆ ಎಂದುಕೊಂಡಿರುತ್ತಾರೆ. ಕಾಯಿಲೆ ಇದೆಯೆಂದು ಗೊತ್ತಿರುವವರು ಕಣ್ಣೆದುರು ಕುಸಿದರೆ ತಲೆ ನೆಲಕ್ಕೆ ಬಡಿಯದಂತೆ ಆತುಕೊಂಡು, ಉಸಿರಿಗೆ ಅಡ್ಡಿಯಾಗದಂತೆ ಒರಗಿಸಿ ಕಾಯಿರಿ. ನೀರು ಚಿಮುಕಿಸುವುದು, ಬೀಗದ ಕೈ ಹುಡುಕುವುದು ಬೇಡ. ಒಂದೆರಡು ನಿಮಿಷದಲ್ಲಿ ತಾವೇ ಏಳುತ್ತಾರೆ. ಅಲ್ಲಿಯವರೆಗೆ ಪಕ್ಕದವರೊಂದಿಗೆ ಏನು ಮಾತಾಡುತ್ತೀರೋ ನೋಡಿಕೊಂಡು ಮಾತಾಡಿ, ಅವರು ಕೇಳಿಸಿಕೊಳ್ಳುತ್ತಿದ್ದಾರೆ.